ಒಂದು ಹನಿಯೂ ಇಲ್ಲ

"ಇನ್ನೊಂದು ಹನಿ ನನ್ನ ಹೊಸ ಟೈಲ್ಸ್ ಮೇಲೆ ಬಿತ್ತೋ, ನಿಮ್ಮ ವ್ಯಾನು ಗುಜರಿಗೆ. ಅದರ ಜೊತೆ ನೀವೂ ಹೋಗ್ತೀರಾದ್ರೆ ನಾನು ತಡೆಯಲ್ಲ," ಎಂದು ಹೇಳಿ ಅತ್ತೆ ಒಳಗೆ ಹೋದರು. ಮಾವ ಅಳಿಯನ ಮುಖ ನೋಡಿದರು.

ವ್ಯಾನು ಮಾವನ ಮಗಳಿಗಿಂತ ವಯಸ್ಸಿನಲ್ಲಿ ದೊಡ್ಡದು; ಮುದ್ದಿನಲ್ಲಿ ಯಾವುದು ದೊಡ್ಡದು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದರ ಪವರ್ ಸ್ಟೇರಿಂಗ್ ಗೇರ್‌ಬಾಕ್ಸ್ ಸೋರಲು ಶುರುವಾದಾಗಿನಿಂದ ಬೆಳಗ್ಗೆ ಎದ್ದರೆ ಅಂಗಳದ ಟೈಲ್ಸ್ ಮೇಲೆ ದಾಳಿಂಬೆ ರಸ ಚೆಲ್ಲಿದಂತೆ ಎಣ್ಣೆಯ ಕೆಂಪು ಕಲೆ. ಮದುವೆ ಮಾತುಕತೆಯ ದಿನ ಅಳಿಯ "ಗಾಡಿ ಕೆಲಸ ಸ್ವಲ್ಪ ಬರುತ್ತೆ" ಎಂದು ಬಾಯಿ ಬಿಟ್ಟಿದ್ದ. ಆ ಮಾತೇ ಈಗ ಸ್ಪ್ಯಾನರ್ ಆಗಿ ಅವನ ಕೈಗೆ ಬಂದಿತ್ತು.

"ನೋಡಿ ಮಾವ, ಗೇರ್‌ಬಾಕ್ಸಿಂದ ಇಳಿಯೋ ಈ ಶಾಫ್ಟಿನ ಸುತ್ತ ಒಂದು ಸೀಲಿದೆ, ಅದು ಸವೆದಿದೆ. ಚಕ್ರ ತಿರುಗಿಸೋ ಈ ಕಬ್ಬಿಣದ ತೋಳು ಬಿಚ್ಚಿ, ಸೀಲು ಬದಲಾಯಿಸಿ, ತೋಳನ್ನ ಇದ್ದ ಹಾಗೇ ಹಾಕಬೇಕು. ಶಾಫ್ಟಿನ ಹಲ್ಲಿನ ಮೇಲೆ ಕೂರೋವಾಗ ನಾಲ್ಕು ಹಲ್ಲು ಆಚೀಚೆ ಆದ್ರೆ ಚಕ್ರ ಒಂದು ಕಡೆಗೆ ತಿರುಗೋದೇ ಇಲ್ಲ. ಅದಕ್ಕೇ ಈ ಗುರುತು," ಎಂದು ಅಳಿಯ ಶಾಫ್ಟಿಗೂ ತೋಳಿಗೂ ಸೇರುವಂತೆ ಸೀಮೆಸುಣ್ಣದ ಗೆರೆ ಎಳೆದ.

ತೋಳು ಕಳಚಿತು. "ಅಳಿಯಂದ್ರೇ, ಕಾಫಿ ಆರ್ತಾ ಇದೆ," ಎಂದು ಒಳಗಿನಿಂದ ಕೂಗು ಬಂತು. ಅಳಿಯ ಹೋದ. ಮಾವ ಸುಮ್ಮನೆ ಕೂರುವ ಆಸಾಮಿಯಲ್ಲ, ಟೈಲ್ಸಿನ ಭಯ ಬೇರೆ. ಸೀಮೆಎಣ್ಣೆ ಮತ್ತು ಹಳೇ ಬನಿಯನ್ನು ತಂದು ಶಾಫ್ಟನ್ನೂ ತೋಳನ್ನೂ ಫಳಫಳ ಹೊಳೆಯುವಂತೆ ಒರೆಸಿದರು. ಎರಡೂ ಹೊಳೆದ ಮೇಲೆ ಅವರಿಗೂ ಹೊಳೆಯಿತು: ಗೆರೆ ಈಗ ಬನಿಯನ್ನಿನಲ್ಲಿತ್ತು.

ಹೇಳಬಹುದಿತ್ತು. ಆದರೆ ಅಳಿಯ ಬರೆದದ್ದನ್ನು ನಾನು ಅಳಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಮಾವನ ಮರ್ಯಾದೆ ಗೇರ್‌ಬಾಕ್ಸಿಗಿಂತ ಬೇಗ ಸೋರುವ ವಸ್ತು. ಸೀಮೆಸುಣ್ಣ ಹುಡುಕಿ, ಒಂದು ಕಣ್ಣು ಮುಚ್ಚಿ, ಅಂದಾಜಿನ ಮೇಲೆ ಎರಡು ಗೆರೆ ಎಳೆದರು. ಧೈರ್ಯ ಸಾಲದ್ದಕ್ಕೆ ಗೆರೆ ದಪ್ಪಗಾಯಿತು.

ಅಳಿಯ ಬಂದು ಗೆರೆ ನೋಡಿದ. ಮಾವನನ್ನು ನೋಡಿದ. ಮಾವ ಆಕಾಶ ನೋಡಿದರು. ಹೆಣ್ಣು ಕೊಟ್ಟ ಮಾವನನ್ನು ಪ್ರಶ್ನೆ ಕೇಳುವುದುಂಟೆ? ಹೊಸ ಸೀಲು ಕೂರಿಸಿ, ಗೆರೆಗೆ ಗೆರೆ ಕೂಡಿಸಿ, ನಟ್ಟು ಬಿಗಿದ. ಅಷ್ಟರಲ್ಲಿ ಕತ್ತಲಾಗಿತ್ತು, ಓಡಿಸಿ ನೋಡುವುದು ನಾಳೆಗೆ ಉಳಿಯಿತು.

ಬೆಳಗ್ಗೆ ಅತ್ತೆ ಬಗ್ಗಿ ನೋಡಿದರು, ಟೈಲ್ಸ್ ಮೇಲೆ ಬೆರಳಾಡಿಸಿ ನೋಡಿದರು. ಒಂದು ಹನಿಯೂ ಇಲ್ಲ. "ಪರವಾಗಿಲ್ವೇ! ನಡೀರಿ, ನಮ್ಮಕ್ಕನ ಮನೆಗೆ ಇದರಲ್ಲೇ ಹೋಗೋಣ. ಈ ವ್ಯಾನಿಗೆ ಡಬ್ಬಾ ಅಂದಿದ್ಲು."

ಗೇಟು ದಾಟಿ ಎಡಕ್ಕೆ ಹೊರಳುವಾಗ ವ್ಯಾನು ಬೆಣ್ಣೆಯಂತೆ ಹೊರಳಿತು. ಮೂಲೆಯ ಕ್ಷೌರದಂಗಡಿಯ ಹತ್ತಿರ ಬಲಕ್ಕೆ ತಿರುಗಬೇಕು. ಮಾವ ತಿರುಗಿಸಿದರು. ಸ್ಟೇರಿಂಗ್ ದಾಕ್ಷಿಣ್ಯಕ್ಕೆ ಒಂದಿಷ್ಟು ತಿರುಗಿ ನಿಂತುಬಿಟ್ಟಿತು. ವ್ಯಾನು ನೆಟ್ಟಗೆ ಮುಂದೆ ಹೋಯಿತು.

"ರೀ, ತಿರುವು ಹಿಂದೆ ಹೋಯ್ತು."

"ಆ ಕಡೆ ರಸ್ತೆ ಅಗೆದಿದಾರೆ."

"ಹೌದತ್ತೆ, ತುಂಬಾ ಅಗೆದಿದಾರೆ," ಎಂದ ಹಿಂದಿನ ಸೀಟಿನ ಅಳಿಯ, ನಟ್ಟು ಬಿಗಿದವನು ತಾನೇ ಎಂದು ಬೆವರುತ್ತ.

ಎಡಕ್ಕೆ, ಇನ್ನೊಮ್ಮೆ ಎಡಕ್ಕೆ, ಮತ್ತೂ ಒಮ್ಮೆ ಎಡಕ್ಕೆ ಸುತ್ತಿ ಮಾವ ಆ ಒಂದು ಬಲವನ್ನು ಸಂಪಾದಿಸಿದರು. ಮತ್ತೆ ಕ್ಷೌರದಂಗಡಿ ಎದುರಾದಾಗ ಅಂಗಡಿಯವನು ಪರಿಚಯದ ನಗೆ ನಕ್ಕ. ಕೊನೆಗೆ ಅಕ್ಕನ ಬೀದಿ ಬಂತು. ಅಕ್ಕ ಗೇಟು ಹಾರುಹೊಡೆದು ನಿಂತಿದ್ದರು. ಗೇಟು ಬಲಗಡೆಗಿತ್ತು. ಮಾವ ಕೈ ಬೀಸಿದರು, ಅಳಿಯನೂ ಬೀಸಿದ, ವ್ಯಾನು ಅಕ್ಕನನ್ನು ದಾಟಿ ಗಂಭೀರವಾಗಿ ಮುಂದೆ ಸಾಗಿತು.

ಅತ್ತೆ ಹಿಂದೆ ತಿರುಗಿ, ಚಿಕ್ಕದಾಗುತ್ತಿದ್ದ ಅಕ್ಕನನ್ನು ನೋಡಿದರು. ಗಂಡನನ್ನು ನೋಡಿದರು. ಅಳಿಯನನ್ನೂ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದರು:

"ಹನಿ ಬೀಳಲ್ಲ ತಾನೇ, ಇರಲಿ ಬಿಡಿ. ಎಡಗಡೆ ಯಾವುದಾದ್ರೂ ಒಳ್ಳೆ ಮನೆ ಕಂಡ್ರೆ ನಿಲ್ಸಿ. ಅವರನ್ನೇ ಅಕ್ಕ ಅಂತೀನಿ."