ಲಾರಿಗೆ ತುಂಬಿದ ಉಡಿ

ಟರ್ಬೊ ಒಂದೇ ಹೋಗಿದ್ದರೆ ನಲವತ್ತು ಸಾವಿರ. ಇಂಜಿನ್ ಪೂರಾ ಬಿಚ್ಚಬೇಕಾದರೆ ಎರಡೂವರೆ ಲಕ್ಷ. ನಾಚಾರಂನ ಗ್ಯಾರೇಜಿನಲ್ಲಿ ಮಿಸ್ತ್ರಿ ಮೌನಪ್ಪ ಇಷ್ಟು ಹೇಳಿ ಬೋಲ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. ಹಣಮಂತರಾಯ ಹೆಂಡತಿಯ ಮುಖ ನೋಡಲಿಲ್ಲ. ಎರಡೂವರೆ ಲಕ್ಷವಾದರೆ ಲಾರಿಯನ್ನೇ ಮಾರಬೇಕೆಂದು ಇಬ್ಬರಿಗೂ ಗೊತ್ತಿತ್ತು.

“ಆರು ಸಿಲಿಂಡರ್, ಐದೂಮುಕ್ಕಾಲು ಲೀಟರ್, ನೂರಾ ಎಂಬತ್ತು ಹಾರ್ಸ್‌ಪವರ್,” ಎಂದ ಹಣಮಂತರಾಯ, ಯಾರೂ ಕೇಳದಿದ್ದರೂ. “ಹತ್ತು ಟನ್ ಹೊತ್ಕೊಂಡು ಘಾಟ್ ಏರೂ ಇಂಜಿನ್. ನಿನ್ನಿ ಖಾಲಿ ಗಾಡಿ ಬ್ರಿಡ್ಜ್ ಹತ್ತಲಿಲ್ಲ. ಬರೇ ಕರಿ ಹೊಗಿ.”

“ದೃಷ್ಟಿ ತಾಗೇತ್ರಿ,” ಎಂದಳು ಶಿವದೇವಿ. “ಖಣ ಕದ್ದವರದ ಕಣ್ಣು.”

ಅವಳಿಗೆ ಲಾರಿಯೆಂದರೆ ಮನೆಗೆ ಬಂದ ಸೊಸೆ. ದಸರೆಯ ಪೂಜೆಗೆ ಸೀಟಿನ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಇಟ್ಟು ಉಡಿ ತುಂಬಿದ್ದಳು. ಜೊತೆಗೆ ರವಿಕೆಗೆಂದು ಗುಳೇದಗುಡ್ಡದ ಕೆಂಪಂಚಿನ ಹಸಿರು ಖಣ. ಅದನ್ನು ಬಾಗಿಲ ಹೊರಗಿನ ಕನ್ನಡಿಗೆ ಕಟ್ಟಿದ್ದಳು. ಲಾರಿ ಮೊದಲ ಟ್ರಿಪ್ ಮುಗಿಸಿ ಬರುವಷ್ಟರಲ್ಲಿ ಖಣ ಮಾಯವಾಗಿತ್ತು.

ಮೌನಪ್ಪ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ. ಗಾಳಿ ಕೊಳವೆಯೊಳಗೆ ಕೈ ಹಾಕಿ ಏನನ್ನೋ ಎಳೆದ. ಮಸಿ ಹಿಡಿದ ಬಟ್ಟೆ, ಅಂಚಿನಲ್ಲಷ್ಟೇ ಒಂದು ಕೆಂಪು ಗೆರೆ.

“ಅಯ್ಯ ಶಿವನ! ನನ್ನ ಖಣ!”

ಹಣಮಂತರಾಯ ತಲೆ ಕೆರೆದುಕೊಂಡ. “ಗಾಳಿಗೆ ಹಾರತೈತಂತ ಬಿಚ್ಚಿ ಕ್ಯಾಬಿನ್ ಹಿಂದಿನ ಗಾಳಿ ಪೈಪಿನ ಬಾಯಾಗ ಸಿಗಿಸಿದ್ದೆ. ಅದರ ಬಾಯಿ ಮ್ಯಾಲಿನ ಜಾಳಗಿ ಕಿತ್ತಿತ್ತು, ಛಲೋ ಜಾಗಾ ಅನಿಸ್ತು. ಆಮ್ಯಾಲ ಕಾಣಲಿಲ್ಲ. ಬೈತೀ ಅಂತ ಸುಮ್ಮನಿದ್ದೆ.”

ಮೌನಪ್ಪ ಹೊಸ ಫಿಲ್ಟರ್ ಹಾಕಿ ಚಾವಿ ತಿರುಗಿಸಿದ. ಇಂಜಿನ್ ಗುಡುಗಿತು. ಕರಿ ಹೊಗೆ ಒಂದು ಸಲ ಬಂದು ನಿಂತೇಹೋಯಿತು.

“ನೂರಾ ಎಂಬತ್ತು ಕುದುರಿ ಅಂತೀರಿ ಸಾವಕಾರ್ರ. ಮೂಗಿನಾಗ ಬಟ್ಟಿ ತುರುಕಿದ್ರ ಒಂದು ಕತ್ತೇನೂ ನಡಿಯೂದಿಲ್ಲ!”

ಹಣಮಂತರಾಯನಿಗೆ ನಗು ತಡೆಯಲಾಗಲಿಲ್ಲ. ಹಳೆಯ ಟೈರಿನ ಮೇಲೆ ಕುಸಿದು ಕುಳಿತು ಕಣ್ಣೊರೆಸಿಕೊಂಡ.

“ಒಗದು ಮನ್ಯಾಗ ಇಟ್ಟುಬಿಡು ಅದನ್ನ,” ಎಂದ.

“ಉಡಿಗೆ ಹಾಕಿದ್ದು ವಾಪಸ್ ತಗೋಬಾರದ್ರಿ.” ಶಿವದೇವಿ ಖಣ ಕೊಡವಿ ಮತ್ತೆ ಕನ್ನಡಿಗೇ ಕಟ್ಟಿದಳು. ಗಂಡನ ಕಡೆ ನೋಡಿ ಇನ್ನೊಂದು ಗಂಟು ಹಾಕಿದಳು.

ಇಂಜಿನ್ ಉಳಿಯಿತು. ಹೋದದ್ದು ಒಂದು ಫಿಲ್ಟರ್, ಒಂದು ಖಣದ ಹಸಿರು.