ಸೋಮವಾರದ ಗುಳಿಗೆ

ಶರಣಯ್ಯ ಟವೆಲ್ಲನ್ನು ಮೂಗಿನವರೆಗೆ ಎಳೆದುಕೊಂಡು ದೇವದುರ್ಗದ ಬಸ್ ನಿಲ್ದಾಣದ ಕಂಬಕ್ಕೆ ಒತ್ತಿಕೊಂಡು ನಿಂತ. ಬಂದ ಪ್ರತಿ ಬಸ್ಸಿಗೂ ಮುಖ ಆಚೆ ತಿರುಗಿಸುತ್ತಿದ್ದ. ಮಾನವಿಯಲ್ಲಿ ಅಕ್ಕಿ ಗಿರಣಿ ಇಟ್ಟವನು, ಮನೆಮುಂದೆ ಜೀಪು ನಿಲ್ಲಿಸಿಕೊಂಡವನು. ಜೀಪಿನಲ್ಲಿ ಬಂದರೆ ಯಾರಾದರೂ ಗುರುತು ಹಿಡಿದಾರೆಂದು ಬಸ್ಸಿನಲ್ಲಿ ಬಂದಿದ್ದ.

ಆರೋಗ್ಯ ಕಾರ್ಯಕರ್ತೆ ಜಾಹೆದಾ ಬಂದವಳೇ ಮಿಠಾಯಿ ಡಬ್ಬಿಯೊಂದನ್ನು ಅವನ ಕೈಗಿಟ್ಟಳು. ಒಳಗೆ ಒಂದು ವಾರದ ಕ್ಷಯದ ಗುಳಿಗೆ. ಡಬ್ಬಿಯ ಉಪಾಯ ಅವನದೇ.

“ಯಾಕಿಷ್ಟು ತ್ರಾಸ ಮಾಡ್ಕೋತೀರಿ? ಮಾನವಿಯಾಗ ಆಶಾ ಅಕ್ಕ ಮನಿಗೇ ತಂದು ಕೊಡ್ತಾಳ. ಬ್ಯಾಡಂದ್ರ ಫೋನಿನಾಗ ನುಂಗಿ ತೋರಿಸ್ರಿ, ಅದೂ ನಡೀತದ.”

“ಆಕಿ ನನ್ನ ಬಾಗಲಾಗ ನಿಂತ್ರ ಸಾಕು, ಮಗಳ ಲಗ್ನ ಮುರೀತದ. ನನಗ ಇಲ್ಲೇ ಕೊಡವ್ವ.”

“ಊರು ಬಿಟ್ಟು ಊರಿಗೆ ಬರೋರು ನೀವೊಬ್ರೇ ಅಲ್ಲ ಬಿಡ್ರಿ,” ಎಂದು ನಕ್ಕಳು ಜಾಹೆದಾ.

ಅವನಿಗೆ ನಗು ಬರಲಿಲ್ಲ. ಮಗಳು ಸುನಂದಾಳಿಗೆ ಗೊತ್ತಾದ ವರ ಮಲ್ಲೇಶ ರಾಯಚೂರಿನ ಕಾಲೇಜಿನಲ್ಲಿ ಮೇಷ್ಟ್ರು. ಹಾಗಾಗಿ ಮೊದಲು ಗುಳಿಗೆ ತರುತ್ತಿದ್ದ ರಾಯಚೂರಿನ ಆಸ್ಪತ್ರೆಯ ಕಡೆ ಇನ್ನು ಮುಖ ಹಾಕುವಂತಿರಲಿಲ್ಲ. ಮಲ್ಲೇಶನ ತಂದೆ ಗುರುಸಿದ್ದ ಇದೇ ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕ್ಷಯದ ಮನೆಯ ಹೆಣ್ಣು ಎಂಬ ಒಂದು ಮಾತು ಅವರ ಕಿವಿಗೆ ಬಿದ್ದರೆ ಮುಗಿಯಿತು.

ಆದರೂ ದೇವದುರ್ಗವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಹೆಣ್ಣು ನೋಡಲು ಬಂದ ಬೆಳಿಗ್ಗೆ ಗುರುಸಿದ್ದ ಉಪ್ಪಿಟ್ಟಿನ ತಟ್ಟೆ ಮುಟ್ಟಿರಲಿಲ್ಲ. “ಒಂದು ತಾಸು ತಡೀರಿ, ನೇಮ ಅದ,” ಎಂದಿದ್ದರು. ಶರಣಯ್ಯನಿಗೆ ಹಾಯೆನಿಸಿತ್ತು. ಅವನೂ ಆಗಷ್ಟೇ ಗುಳಿಗೆ ನುಂಗಿ ಬಂದಿದ್ದ, ತಾಸು ಹೊತ್ತು ಏನೂ ತಿನ್ನುವಂತಿರಲಿಲ್ಲ. ಹೊರಡುವಾಗ ಬೀಗರು ಹೇಳಿದ್ದರು: “ಸೋಮವಾರ ಮಾತ್ರ ನನ್ನ ಹುಡುಕಬ್ಯಾಡ್ರಿ. ವ್ರತ. ಅಂಗಡಿ ಮುಚ್ಚಿ ಊರೂರ ಗುಡಿ ತಿರುಗ್ತೀನಿ.”

ಶರಣಯ್ಯನ ತಲೆ ಚುರುಕಾಯಿತು. ಸೋಮವಾರ ಬೀಗರು ಖಂಡಿತ ಇರದ ಊರೆಂದರೆ ದೇವದುರ್ಗವೇ. “ನಾನೂ ಸೋಮವಾರ ಊರಾಗ ಇರಂಗಿಲ್ರಿ. ಭತ್ತದ ಖರೀದಿ,” ಎಂದುಬಿಟ್ಟ. ಅಂದಿನಿಂದ ಸೋಮವಾರ, ದೇವದುರ್ಗ.

ಹತ್ತು ವಾರ ಸುಸೂತ್ರವಾಗಿ ನಡೆಯಿತು. ಹನ್ನೊಂದನೆಯ ವಾರ ಗಿರಣಿಯ ಹಮಾಲ ಗಡಿಗೆಪ್ಪ ಚೀಲ ಇಳಿಸುತ್ತಾ ಹೇಳಿದ: “ನಿಮ್ಮ ಬೀಗರನ್ನ ನಮ್ಮ ದವಾಖಾನಿಯಾಗ ನೋಡಿದೆ, ಧಣಿ. ಹೋದ ಸೋಮವಾರಾನೂ ಇದ್ರು. ಟಿ.ಬಿ. ಖೋಲಿ ಮುಂದ ನಿಂತು ನರ್ಸ್‌ಬಾಯಿ ಕೂಡ ಮೆಲ್ಲಕ ಮಾತಾಡಾಕತ್ತಿದ್ರು.”

ಶರಣಯ್ಯನ ಚೀಲದ ಲೆಕ್ಕ ತಪ್ಪಿತು. ವ್ರತವಂತೆ, ಗುಡಿಯಂತೆ! ಮುದುಕ ಬಲು ಕಿಲಾಡಿ. ತನ್ನ ಬೆನ್ನ ಹಿಂದೆ ತನ್ನೂರಿಗೇ ಬಂದು ತನ್ನ ರೋಗದ ಜಾತಕ ಬಿಡಿಸುತ್ತಿದ್ದಾನೆ.

ಆ ವಾರವೆಲ್ಲ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುಳಿಗೆ ಬಿಟ್ಟುಬಿಡಲೇ ಎಂದುಕೊಂಡ. ಬಿಟ್ಟರೆ ರೋಗ ಬಲಿಯುತ್ತದೆ ಎಂದು ಜಾಹೆದಾ ಹೆದರಿಸಿದ್ದಳು. ಅತ್ತ ಸುನಂದಾ ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು, ಯಾವುದು ಚಂದ ಹೇಳಪ್ಪಾ ಎನ್ನುತ್ತಿದ್ದಳು. ಅವಳ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಕೊನೆಗೆ ನಿರ್ಧರಿಸಿದ. ಯಾರದೋ ಬಾಯಿಂದ ಗೊತ್ತಾಗುವ ಬದಲು ತಾನೇ ಹೇಳಿ, ಕಾಲು ಹಿಡಿಯಬೇಕು.

ಸೋಮವಾರ ಅವನು ಬಸ್ ಹತ್ತಲಿಲ್ಲ. ಮಾನವಿಯ ದವಾಖಾನೆಗೇ ನಡೆದ.

ಗುರುಸಿದ್ದ ಟಿ.ಬಿ. ಖೋಲಿಯ ಮುಂದಿನ ಬೆಂಚಿನ ಮೇಲಿದ್ದರು. ಇವನನ್ನು ಕಂಡದ್ದೇ ಮುಖ ಬಿಳಿಚಿತು.

“ನೀವಾ? ಇವತ್ತು ಸೋಮವಾರ ಅಲ್ರೀ!”

“ಎಲ್ಲಾ ಗೊತ್ತದ ಬಿಡ್ರಿ. ನೀವು ಇಲ್ಲಿ ಯಾಕ ಬರಾಕತ್ತೀರಿ ಅಂತಾನೂ ಗೊತ್ತದ.” ಶರಣಯ್ಯ ಬಗ್ಗಿ ಅವರ ಕಾಲಿಗೆ ಕೈ ಚಾಚಿದ. “ಹೌದು, ನನಗ ಟಿ.ಬಿ. ಅದ. ಔಷಧ ನಡದದ, ಯಾರಿಗೂ ಅಂಟಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ನನ್ನ ತಪ್ಪಿಗೆ ಮಗಳ ಲಗ್ನ ಮುರೀಬ್ಯಾಡ್ರಿ.”

ಗುರುಸಿದ್ದ ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಮಡಿಲಲ್ಲಿದ್ದ ವಿಭೂತಿ ಚೀಲದ ದಾರವನ್ನು ಬಿಚ್ಚಿ, ಅವನ ಮುಂದೆ ಹಿಡಿದರು. ಒಳಗೆ ವಿಭೂತಿ ಇರಲಿಲ್ಲ.

“ಸೋಮವಾರ ನೀವು ಊರಾಗ ಇರಂಗಿಲ್ಲ ಅಂದ ದಿನಾನೇ, ನನ್ನ ಗುಳಿಗಿ ನಿಮ್ಮೂರಿಗೆ ಹಾಕಿಸ್ಕೊಂಡೆನ್ರಿ, ಬೀಗರ.”