ಗೀಜಗನ ಗೂಡಿನ ಮುಯ್ಯಿ

ಪ್ರಮೀಳಾ ಮಜ್ಜಿಗೆಯ ಲೋಟವನ್ನು ಎಲ್ಲರ ಕೈಗೂ ಕೊಟ್ಟಳು. ವರದಮ್ಮನ ಲೋಟವನ್ನು ಮಾತ್ರ ಕಲ್ಲಿನ ಮೇಲಿಟ್ಟು ಮುಂದೆ ಹೋದಳು. ಇಬ್ಬರೂ ಒಂದೇ ಕೇರಿಯವರು, ಹಬ್ಬ ಹುಣ್ಣಿಮೆಗೆ ಒಂದೇ ಪಂಕ್ತಿಯಲ್ಲಿ ಉಂಡವರು. ವರದಮ್ಮ ಬಿದಿರು ಸೀಳುವುದನ್ನು ನಿಲ್ಲಿಸಿ, ಮಜ್ಜಿಗೆ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟಳು.

ಗುರುಪ್ರಕಾಶ್ ಇದನ್ನು ಕಂಡ. ಅವನು ಶಿವಮೊಗ್ಗದ ವಿನ್ಯಾಸಕಾರ. ಹೊಸಬಾಳೆಯ ರಸ್ತೆ ಬದಿಯಲ್ಲಿ ಗೀಜಗನ ಗೂಡಿನಂಥ ಬಸ್ ತಂಗುದಾಣ ಕಟ್ಟಲು ನಕ್ಷೆ ಬರೆದವನು. ಬಿದಿರಿನ ಹಂದರ, ಅದರ ಮೇಲೆ ಹುಲ್ಲಿನ ಹೆಣಿಗೆ, ರಸ್ತೆಗೆ ಬೆನ್ನು, ಹೊಲದ ಕಡೆಗೆ ಬಾಗಿಲು.

“ಬಸ್ ಬಂದಿದ್ದು ಕಾಣೋದು ಹೆಂಗೆ ರೀ?” ಎಂದು ಊರಿನ ಹಿರಿಯ ಗುತ್ಯಪ್ಪ ಕೇಳಿದ್ದಕ್ಕೆ ಆಮೇಲೊಂದು ಕಿಟಕಿ ಸೇರಿತು. ಗುರುಪ್ರಕಾಶ್ ಬರುತ್ತಿದ್ದದ್ದು ಭಾನುವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ಊರಿನವರೇ ದುಡಿಯುತ್ತಿದ್ದರು.

ರೋಜಾ ಸತ್ತದ್ದು ಇದೇ ಜಾಗದಲ್ಲಿ. ಕಳೆದ ವರ್ಷ ಶಿಕಾರಿಪುರದ ಕಾಲೇಜಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗ, ಜೋಳ ತುಂಬಿದ ಮಿನಿ ಲಾರಿಯೊಂದು ರಸ್ತೆ ಬಿಟ್ಟು ಅವಳ ಮೇಲೆ ಬಂತು. ಪಕ್ಕದ ಹೊಲ ಪ್ರಮೀಳಾಳದು. ಅದರ ಬೇಲಿ ರಸ್ತೆಯವರೆಗೂ ಒತ್ತಿಕೊಂಡಿದ್ದರಿಂದ ಹುಡುಗಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಆಮೇಲೆ ಬೇಲಿ ಕಿತ್ತು ಹಾಕಿದವಳೂ ಪ್ರಮೀಳಾ, ತಂಗುದಾಣಕ್ಕೆ ಜಾಗ ಬಿಟ್ಟುಕೊಟ್ಟವಳೂ ಅವಳೇ. ಇಷ್ಟನ್ನು ಗುತ್ಯಪ್ಪ ಹೇಳಿದ್ದ. ಹೆಚ್ಚಿಗೆ ಯಾರೂ ಹೇಳಲಿಲ್ಲ, ಗುರುಪ್ರಕಾಶ್ ಕೇಳಲೂ ಇಲ್ಲ. ಉಳಿದದ್ದು ಅವನಿಗೆ ತಾನಾಗಿಯೇ ಅರ್ಥವಾಗಿತ್ತು. ಪೇಟೆಯವರಿಗೆ ಎಲ್ಲವೂ ಬೇಗ ಅರ್ಥವಾಗುತ್ತದೆ.

ವರದಮ್ಮ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಬಿದಿರಿನ ಅಂಚು ಅಂಗೈ ಸೀಳಿದರೆ ಬಟ್ಟೆ ಸುತ್ತಿಕೊಂಡು ಮತ್ತೆ ಕೂರುತ್ತಿದ್ದಳು. ನೋವು ಅವಳಿಗೆ ತಾಕುತ್ತಲೇ ಇರಲಿಲ್ಲ. ಅಳು ಯಾವತ್ತೋ ಮರಗಟ್ಟಿಹೋಗಿತ್ತು. ಊಟಕ್ಕೆ ಕೂತಾಗ ಅವಳ ಅಕ್ಕಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು; ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಕಂಬಕ್ಕೆ ರೋಜಾಳ ಫೋಟೋ ಕಟ್ಟಿದ ದಿನ ಅವಳು ಅದಕ್ಕೆ ಬೆನ್ನು ಮಾಡಿ ಕೂತಳು. ಕೆಲಸ ತಪ್ಪಿಸಿದ್ದು ಕೋರ್ಟಿನಲ್ಲಿ ಲಾರಿಯ ಕೇಸು ಇದ್ದ ದಿನಗಳಲ್ಲಿ ಮಾತ್ರ.

“ಬಾಗಿಲ ಮೇಲೆ ರೋಜಾ ಹೆಸರು ಬರೆಸೋಣವಾ ಅಮ್ಮಾ?” ಎಂದು ಗುರುಪ್ರಕಾಶ್ ಮೆಲ್ಲಗೆ ಕೇಳಿದ.

“ನನ್ನ ಕೇಳ್ಬೇಡಿ. ಪ್ರಮೀಳಾನ ಕೇಳಿ.”

ಜಾಗ ಪ್ರಮೀಳಾಳದಲ್ಲವೇ, ಅದಕ್ಕೇ ಎಂದುಕೊಂಡ.

ಕೆಲಸದ ಜಾಗದಲ್ಲಿ ನೆಟ್ಟಿದ್ದ ಬೋರ್ಡಿನಲ್ಲಿ ‘ಶ್ರಮದಾನ’ ಎಂದು ಬರೆದಿತ್ತು. ಪ್ರಮೀಳಾಗೆ ಯಾರ ದಾನವೂ ಬೇಕಿರಲಿಲ್ಲ. ನಾಟಿಯ ಕಾಲ. ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ಕೂಲಿಯಿಲ್ಲದೆ ದುಡಿಯುವುದು, ಬದಲಿಗೆ ಅವರೂ ಬಂದು ದುಡಿಯುವುದು ಆ ಕಡೆಯ ಪದ್ಧತಿ. ಮುಯ್ಯಿ ಎನ್ನುತ್ತಾರೆ. ಗೂಡಿಗೆ ಕೈ ಹಾಕಿದ ಒಂದೊಂದು ಮನೆಯ ಗದ್ದೆಗೂ ಪ್ರಮೀಳಾ ಹೋಗಿ ಸಸಿ ನೆಟ್ಟು ಬಂದಳು. ಗುತ್ಯಪ್ಪನ ಮನೆಯದಾಯಿತು, ಹುಲಿಯಮ್ಮನದಾಯಿತು. ವರದಮ್ಮನ ಗದ್ದೆಗೆ ಮಾತ್ರ ಹೋಗಲಿಲ್ಲ.

ವರದಮ್ಮನಿಗೆ ಬೇಕಿದ್ದದ್ದು ಅದೊಂದೇ. ಪ್ರಮೀಳಾ ತನ್ನ ಗದ್ದೆಗೂ ಒಂದು ದಿನ ಇಳಿಯಬೇಕು, ತನ್ನ ಮನೆಯ ಅನ್ನ ಉಣ್ಣಬೇಕು. ಅದಕ್ಕಾಗಿಯೇ ಅವಳು ನಾಟಿ ತಡೆದು ಕೂತಿದ್ದಳು.

“ಸಸಿ ಬಲ್ತು ಹೋಗ್ತದೆ. ಕೂಲಿಯವ್ರನ್ನ ಕರ್ಸಿ ನೆಟ್ಬಿಡು ಮಾರಾಯ್ತಿ,” ಎಂದ ಗುತ್ಯಪ್ಪ.

“ಪ್ರಮೀಳಾ ಬರ್ಲಿ.”

“ಬರ್ತಾಳೆ ಅಂತ ಕೂತಿದೀಯಾ?”

ವರದಮ್ಮ ಇನ್ನೊಂದು ಬಿದಿರು ಎಳೆದುಕೊಂಡಳು.

ಗುರುಪ್ರಕಾಶನಿಗೆ ಇದನ್ನು ನೋಡಲಾಗಲಿಲ್ಲ. ಹೆಣಿಗೆ ಮುಗಿಯಲು ಬಂದ ಭಾನುವಾರ ಅವನು ಪ್ರಮೀಳಾಳನ್ನು ಪಕ್ಕಕ್ಕೆ ಕರೆದ.

“ಬೇಲಿ ವಿಷಯ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ಗೊತ್ತು. ಆದರೆ ಆ ತಾಯಿ ನಿಮ್ಮ ದಾರಿ ಕಾಯ್ತಿದ್ದಾರೆ. ಒಂದು ಸಲ ಹೋಗಿ ಬನ್ನಿ. ಮಕ್ಕಳ ಸಂಕಟ ಅಂದರೆ...”

“ಗೊತ್ತು ರೀ,” ಎಂದಳು ಪ್ರಮೀಳಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. “ಗೂಡು ಮುಗೀಲಿ. ಹೋಗ್ತೀನಿ.”

ಗುರುಪ್ರಕಾಶನ ಕಣ್ಣು ತುಂಬಿ ಬಂತು. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಶಿವಮೊಗ್ಗದ ಬಸ್ಸು ಹತ್ತಿದ.

ಗೂಡು ಮುಗಿಯಿತು. ಮರುದಿನ ಬೆಳಿಗ್ಗೆ ಪ್ರಮೀಳಾ ವರದಮ್ಮನ ಗದ್ದೆಯ ಬದುವಿನ ಮೇಲೆ ನಡೆದು ಬಂದಳು. ಅವಳನ್ನು ಕಂಡು ವರದಮ್ಮ ಎದ್ದು ನಿಂತಳು. ಸಸಿಯ ಕಟ್ಟುಗಳನ್ನು ಮೊದಲೇ ಕಿತ್ತಿಟ್ಟಿದ್ದಳು. ಮನೆಯಲ್ಲಿ ಕಡುಬು ಬೇಯಿಸಿ, ಇಬ್ಬರಿಗೆಂದು ಎರಡು ಬಾಳೆಲೆ ತಂದು ಬದುವಿನ ಮೇಲೆ ಇಟ್ಟಿದ್ದಳು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಗಿತ್ತು.

ಪ್ರಮೀಳಾಳ ಕೈಯಲ್ಲಿ ಬುತ್ತಿಯ ಗಂಟು ಇತ್ತು. ಮುಯ್ಯಿಗೆ ಬಂದವರು ಬುತ್ತಿ ತರುವುದಿಲ್ಲ. ದುಡಿಸಿಕೊಂಡ ಮನೆಯಲ್ಲೇ ಉಣ್ಣುತ್ತಾರೆ. ಅವಳು ಗಂಟನ್ನು ಬಾಳೆಲೆಯಿಂದ ದೂರ, ಬದುವಿನ ಆಚೆ ತುದಿಗೆ ಇಟ್ಟಳು.

“ಬುತ್ತಿ ಯಾಕೆ ತಂದೆ ಪ್ರಮೀಳಾ? ಕಡುಬು ಮಾಡೀನಿ.”

ಪ್ರಮೀಳಾ ಸೀರೆಯ ನೆರಿಗೆ ಎತ್ತಿ ಕಟ್ಟಿ, ಒಂದು ಕಟ್ಟು ಸಸಿ ತೆಗೆದುಕೊಂಡಳು.

“ನನ್ನ ಮಗಳ ಮೇಲೆ ಲಾರಿ ಹತ್ತಿಸಿದಾನೆ ನಿನ್ನ ಮಗ, ಈ ಮನೆ ಅನ್ನಾನೂ ಬೇಡ, ಹಂಗೂ ಬೇಡ ವರದಕ್ಕ,” ಎಂದು ಹೇಳಿ ಅವಳು ಕೆಸರಿಗೆ ಇಳಿದಳು.